ಕಾಮಿಡಿ ಶೋಗಳ ಟೈಟಲ್ ಹಾಡು: ನಿಮ್ಮ ಕಿವಿಯಲ್ಲಿ ಉಳಿದದ್ದು ಯಾವುದು, ಯಾಕೆ?

ಕೇಳುಗ

ಟಿವಿ ಕಾಮಿಡಿ ಶೋಗಳ ಟೈಟಲ್ ಹಾಡುಗಳ ಬಗ್ಗೆ ಒಂದು ಒಳ್ಳೆಯ ಚರ್ಚೆ ಆಗಲಿ ಅಂತ ಇದನ್ನು ಶುರು ಮಾಡುತ್ತಿದ್ದೇನೆ. ಸುಮ್ನೆ ಇಷ್ಟದ ಹಾಡುಗಳ ಪಟ್ಟಿ ಬೇಡ. ನನ್ನ ಪ್ರಶ್ನೆ ಇಷ್ಟೇ: ಆ ಹಾಡು ಆ ಶೋಗೆ ಏನು ಕೆಲಸ ಮಾಡಿಕೊಡುತ್ತಿತ್ತು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವರ್ಷಗಟ್ಟಲೆ ಕಿವಿಯಲ್ಲಿ ಉಳಿದ ಹಾಡುಗಳಲ್ಲಿ ಹೆಚ್ಚಿನವು ಯಾವುದೋ ತಾಪತ್ರಯ ನೀಗಿಸಲು ಹುಟ್ಟಿದವು. ಒಂದು ಕಡೆ ಕೈಯಲ್ಲಿ ದುಡ್ಡಿಲ್ಲ. ಇನ್ನೊಂದು ಕಡೆ ಕಥೆ ಹೇಳಲು ಟೈಮಿಲ್ಲ. ಮತ್ತೊಂದು ಕಡೆ ಮಾತಿನ ಮೇಲೆ ಸಂಗೀತ ಬಂದು ಕೂರುತ್ತಿದೆ. ಆ ಇಕ್ಕಟ್ಟಿನಿಂದಲೇ ಹಾಡಿಗೆ ಒಂದು ಆಕಾರ ಬಂತು.

1964ರಲ್ಲಿ ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ ಬಂದ 'ಗಿಲಿಗನ್ಸ್ ಐಲೆಂಡ್' ನೋಡಿ. ಏಳು ಜನ ದೋಣಿಯಲ್ಲಿ ಮೂರು ಗಂಟೆಯ ವಿಹಾರಕ್ಕೆ ಹೋಗುತ್ತಾರೆ, ಬಿರುಗಾಳಿಗೆ ಸಿಕ್ಕಿ ಯಾವುದೋ ದ್ವೀಪದಲ್ಲಿ ಬೀಳುತ್ತಾರೆ. ಚಾನೆಲ್‌ನವರ ತಕರಾರು ಸರಿಯಾಗಿಯೇ ಇತ್ತು. ಐದನೇ ವಾರ ಹೊಸದಾಗಿ ನೋಡಲು ಕೂತವನಿಗೆ ಇವರೆಲ್ಲ ಯಾರು, ಇಲ್ಲಿಗೆ ಹೇಗೆ ಬಂದರು ಅಂತ ಗೊತ್ತಾಗುವುದು ಹೇಗೆ? ನಿರ್ಮಾಪಕ ಶೆರ್ವುಡ್ ಶ್ವಾರ್ಟ್ಜ್ ಅದಕ್ಕೆ ಒಂದು ಹಾಡನ್ನೇ ಉತ್ತರವಾಗಿ ಕೊಟ್ಟರು. ಜಾರ್ಜ್ ವೈಲ್ ಜೊತೆ ಸೇರಿ ಬರೆದ ಆ ಹಾಡು ಒಂದು ನಿಮಿಷದಲ್ಲಿ ಇಡೀ ಹಿನ್ನೆಲೆ ಹೇಳಿ, ಪಾತ್ರಗಳನ್ನು ಒಬ್ಬೊಬ್ಬರಾಗಿ ತೋರಿಸಿ ಮುಗಿಸುತ್ತದೆ. ಯಕ್ಷಗಾನದಲ್ಲಿ ಭಾಗವತರು ಪಾತ್ರವನ್ನು ರಂಗಕ್ಕೆ ಕರೆತರುವ ಹಾಗೆ.

ಅದರಲ್ಲೂ ಒಂದು ಅನ್ಯಾಯ ಆಗಿತ್ತು. ಮೊದಲ ಸೀಸನ್‌ನಲ್ಲಿ ಐದು ಪಾತ್ರಗಳಿಗೆ ಮಾತ್ರ ಹಾಡಿನಲ್ಲಿ ಜಾಗ. ಪ್ರೊಫೆಸರ್ ಮತ್ತು ಮೇರಿ ಆ್ಯನ್ ಇಬ್ಬರನ್ನೂ 'ಉಳಿದವರು' ಅಂತ ಸೇರಿಸಿ ಮುಗಿಸಿದ್ದರು. ಗಿಲಿಗನ್ ಪಾತ್ರ ಮಾಡಿದ ಬಾಬ್ ಡೆನ್ವರ್ ಇದನ್ನು ಒಪ್ಪದೆ ಪಟ್ಟು ಹಿಡಿದರು. ಎರಡನೇ ಸೀಸನ್‌ನಿಂದ ಆ ಇಬ್ಬರೂ ಹಾಡಿಗೆ ಬಂದರು. ಹೀರೋ ಆದವನು ಜೊತೆಯವರಿಗಾಗಿ ದನಿ ಎತ್ತಿದ್ದು ನನಗೆ ತುಂಬಾ ಇಷ್ಟವಾದ ಸಂಗತಿ.

ನೀವು ಹೇಳಿ.

ಸ್ವರಸಂಗಾತಿ

ನಾನು ಕೀಬೋರ್ಡ್ ನುಡಿಸುತ್ತೇನೆ, ಮಕ್ಕಳಿಗೆ ಕಲಿಸುತ್ತೇನೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ 'ಸೈನ್‌ಫೆಲ್ಡ್'. ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ ಟೈಟಲ್ ಸಂಗೀತ ನನಗೆ ಗೊತ್ತಿಲ್ಲ.

ಆ ಶೋ ಹೇಗೆ ಶುರುವಾಗುತ್ತಿತ್ತು ಗೊತ್ತಲ್ವಾ? ಜೆರ್ರಿ ಸೈನ್‌ಫೆಲ್ಡ್ ಮೈಕ್ ಮುಂದೆ ನಿಂತು ಹಾಸ್ಯ ಹೇಳುತ್ತಿರುತ್ತಾರೆ, ಜನ ನಗುತ್ತಿರುತ್ತಾರೆ, ಅದೇ ಹೊತ್ತಿಗೆ ಟೈಟಲ್ ಸಂಗೀತವೂ ಬರಬೇಕು. ಒಬ್ಬರು ಮಾತಾಡುವಾಗ ಅದರ ಮೇಲೆ ಹಾಡು ಹಾಕಿದರೆ ಎರಡೂ ಕೆಡುತ್ತವೆ. ಸಂಗೀತಗಾರ ಜೊನಾಥನ್ ವೂಲ್ಫ್ ಇದನ್ನು ಬಗೆಹರಿಸಿದ ರೀತಿ ನೋಡಿ. ಜೆರ್ರಿಯ ಮಾತನ್ನೇ ಮುಖ್ಯ ರಾಗ ಅಂತ ಇಟ್ಟುಕೊಂಡರು. ಅವರು ಮಾತಾಡುವ ಲಯ ಎಷ್ಟು ಅಂತ ಅಳೆದು, ಅದೇ ವೇಗದಲ್ಲಿ ಅಡಿಗೆ ಒಂದು ತಾಳ ಕೂರಿಸಿದರು. ತುಟಿ, ನಾಲಿಗೆಯಿಂದ ಮಾಡಿದ 'ಪಾಪ್' ಸದ್ದು, ಬೆರಳು ಚಿಟಿಕೆ, ಅದರ ಜೊತೆ ಬೇಸ್. ಮಾತು ಇರುವ ಎತ್ತರದ ಸ್ಥಾಯಿಗೆ ಬೇಸ್ ಕೈ ಹಾಕುವುದೇ ಇಲ್ಲ. ಹಾಗಾಗಿ ಎರಡೂ ಸ್ಪಷ್ಟವಾಗಿ ಕೇಳುತ್ತವೆ.

ಅದು ಬೇಸ್ ಗಿಟಾರ್ ಅಂತ ಹೆಚ್ಚಿನವರು ಅಂದುಕೊಂಡಿದ್ದಾರೆ. ಅಲ್ಲ. ಕೋರ್ಗ್ ಎಂ1 ಕೀಬೋರ್ಡ್‌ನಲ್ಲಿರುವ ಸ್ಲ್ಯಾಪ್ ಬೇಸ್ ಸದ್ದು ಅದು, ಅಂದರೆ ಬೇಸ್ ತಂತಿಯನ್ನು ಬೆರಳಿಂದ ಬಡಿದ ಹಾಗೆ ಕೇಳುವ ಸದ್ದು. ನಮ್ಮಲ್ಲೂ ಆರ್ಕೆಸ್ಟ್ರಾದವರ ಹತ್ತಿರ ಆ ಮಾಡೆಲ್ ಇತ್ತು. ಸಿಕ್ಕರೆ ಒಮ್ಮೆ ಒತ್ತಿ ನೋಡಿ, ತಕ್ಷಣ ಗುರುತು ಹತ್ತುತ್ತದೆ.

ಇನ್ನೂ ಒಂದು ವಿಷಯ. ಪ್ರತಿ ಎಪಿಸೋಡ್‌ನಲ್ಲಿ ಜೆರ್ರಿ ಹೇಳುವ ಮಾತು ಬೇರೆ, ಅದರ ಉದ್ದ ಬೇರೆ, ನಗು ಬೀಳುವ ಜಾಗ ಬೇರೆ. ಆದ್ದರಿಂದ ವೂಲ್ಫ್ ಪ್ರತಿ ಎಪಿಸೋಡ್‌ಗೂ ಸಂಗೀತವನ್ನು ಹೊಸದಾಗಿ ಹೊಂದಿಸುತ್ತಿದ್ದರು. ಎರಡು ಎಪಿಸೋಡ್ ಅಕ್ಕಪಕ್ಕ ಇಟ್ಟುಕೊಂಡು ಕೇಳಿ. ಜೋಕಿನ ಕೊನೆಯ ಮಾತು ಮುಗಿಯುವವರೆಗೆ ಬೇಸ್ ಹಿಂದೆ ಸರಿದು ನಿಂತಿರುತ್ತದೆ, ನಗು ಬಿದ್ದ ಮೇಲೆ ಮುಂದೆ ಬರುತ್ತದೆ. ಒಳ್ಳೆಯ ಮೃದಂಗದವರು ಗಾಯಕರ ಜೊತೆ ಹೇಗೆ ಇರುತ್ತಾರೋ ಅದೇ ಶಿಸ್ತು. ನನ್ನ ವಿದ್ಯಾರ್ಥಿಗಳಿಗೆ 'ಪಕ್ಕವಾದ್ಯ ಅಂದರೆ ಇದು' ಅಂತ ನಾನು ಇದನ್ನೇ ಕೇಳಿಸುತ್ತೇನೆ.

ನೈಟ್ ಶಿಫ್ಟ್

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಟೈಟಲ್ ಹಾಡು ನೋಡುವುದಿಲ್ಲ. 2017ರಲ್ಲಿ ನೆಟ್‌ಫ್ಲಿಕ್ಸ್‌ನವರು 'ಸ್ಕಿಪ್ ಇಂಟ್ರೋ' ಬಟನ್ ತಂದರು, ಅಂದಿನಿಂದ ಒತ್ತುತ್ತಲೇ ಇದ್ದೇನೆ. ರಾತ್ರಿ ಕೆಲಸ ಮುಗಿಸಿ ಬಂದು ಒಂದೇ ಸಲ ಮೂರ್ನಾಲ್ಕು ಎಪಿಸೋಡ್ ನೋಡುವವನಿಗೆ ಅದೇ ಹಾಡು ಮತ್ತೆ ಮತ್ತೆ ಯಾಕೆ ಬೇಕು? ವಾರಕ್ಕೊಂದು ಎಪಿಸೋಡ್ ಬರುತ್ತಿದ್ದ ಕಾಲದಲ್ಲಿ 'ಬನ್ನಿ, ಶುರುವಾಯಿತು' ಅಂತ ಒಳಮನೆಯಿಂದ ಕರೆಯಲು ಹಾಡು ಬೇಕಿತ್ತು. ಈಗ ನಾವೇ ಒತ್ತಿ ಶುರು ಮಾಡುತ್ತೇವೆ. ಕರೆಯುವ ಕೆಲಸವೇ ಇಲ್ಲ. ಕೆಲಸ ಹೋದ ಮೇಲೆ ಉಳಿಯುವುದು ಹಳೆಯ ನೆನಪು ಮಾತ್ರ ಅಂತ ನನಗೆ ಅನ್ನಿಸುತ್ತದೆ.

ಹಳೇ ಆಂಟೆನಾ

ನೈಟ್ ಶಿಫ್ಟ್ ತಮ್ಮಾ, ಕರೆಯುವ ಕೆಲಸದ ಬಗ್ಗೆ ನೀನು ಹೇಳಿದ್ದು ಸರಿ. ಆದರೆ ಹಾಡಿಗೆ ಅದೊಂದೇ ಕೆಲಸ ಅಲ್ಲ. ನಗಬೇಕಾದ ಮನಸ್ಥಿತಿಗೆ ನಮ್ಮನ್ನು ತರಬೇಕಲ್ಲ, ಅದು ಯಾರ ಕೆಲಸ?

1984ರಲ್ಲಿ ದೂರದರ್ಶನದಲ್ಲಿ 'ಯೇ ಜೋ ಹೈ ಜಿಂದಗಿ' ಬರುತ್ತಿತ್ತು. ಶರದ್ ಜೋಶಿ ಬರೆದದ್ದು. ಸತೀಶ್ ಶಾ ಪ್ರತಿ ವಾರ ಬೇರೆ ಬೇರೆ ವೇಷದಲ್ಲಿ ಬಂದು ನಗಿಸುತ್ತಿದ್ದರು. ಅದರ ಟೈಟಲ್ ಹಾಡು ಹಾಡಿದವರು ಕಿಶೋರ್ ಕುಮಾರ್. ಟಿವಿ ಧಾರಾವಾಹಿ ಅನ್ನುವುದೇ ನಮಗೆ ಆಗ ಹೊಸದು. ಅಂಥ ಹೊತ್ತಿನಲ್ಲಿ ಸಿನಿಮಾದ ಅಷ್ಟು ದೊಡ್ಡ ಗಾಯಕ ಒಂದು ಧಾರಾವಾಹಿಗೆ ಹಾಡಿದ್ದರು. ಹಿಂದಿ ಅಷ್ಟಾಗಿ ಬಾರದ ನಮ್ಮ ಬೀದಿಯ ಹೆಂಗಸರೂ ಆ ಕಂಠ ಕೇಳಿದ ಕೂಡಲೇ ಬಂದು ಕೂರುತ್ತಿದ್ದರು. ಆ ದನಿಯಲ್ಲೇ ಅರ್ಧ ನಗು ಇತ್ತು. ಕಥೆ ಶುರುವಾಗುವ ಮೊದಲೇ ಮುಖದ ಮೇಲಿನ ಬಿಗಿ ಸಡಿಲವಾಗುತ್ತಿತ್ತು.

ಆಮೇಲೆ 'ಮಾಲ್ಗುಡಿ ಡೇಸ್'. ಅದು ಪೂರ್ತಿ ಕಾಮಿಡಿ ಅಲ್ಲ, ಒಪ್ಪುತ್ತೇನೆ. ಆದರೆ ಸ್ವಾಮಿಯ ಕಥೆಗಳಲ್ಲಿ ನಗದೆ ಇದ್ದವರು ಯಾರು? ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ್ದು, ಟೈಟಲ್‌ಗೆ ಆರ್. ಕೆ. ಲಕ್ಷ್ಮಣ್ ಅವರ ಗೆರೆಚಿತ್ರಗಳು, ಸಂಗೀತ ಎಲ್. ವೈದ್ಯನಾಥನ್. ಆ ರಾಗಕ್ಕೆ ಸಾಹಿತ್ಯವೇ ಇಲ್ಲ, ಬರೀ ತಾನನ. ಭಾಷೆ ಯಾವುದೇ ಇರಲಿ, ದೇಶದ ಯಾವ ಮೂಲೆಯಲ್ಲಿ ಗುನುಗಿದರೂ ಜನ ಗುರುತು ಹಿಡಿಯುತ್ತಾರೆ. ಧಾರಾವಾಹಿ ಹಿಂದಿಯಲ್ಲಿ, ಮೂಲ ಕಥೆ ಇಂಗ್ಲಿಷಿನಲ್ಲಿ, ಊರು ನಮ್ಮದು. ಅಂಥದ್ದಕ್ಕೆ ಯಾವ ಭಾಷೆಯಲ್ಲಿ ಹಾಡು ಬರೆಯುವುದು? ಮಾತು ಬಿಟ್ಟದ್ದೇ ಸರಿಯಾಯಿತು ಅಂತ ನಾನು ನಂಬಿದ್ದೇನೆ.

ದುಡ್ಡಿಲ್ಲದೆ ಹುಟ್ಟಿದ ಹಾಡು ಅಂದಿರಲ್ಲ ಕೇಳುಗರೇ, ಅದಕ್ಕೆ ಒಂದು ಉದಾಹರಣೆ. 1971ರ 'ಆಲ್ ಇನ್ ದ ಫ್ಯಾಮಿಲಿ'. ಚಾರ್ಲ್ಸ್ ಸ್ಟ್ರೌಸ್ ಮತ್ತು ಲೀ ಆ್ಯಡಮ್ಸ್ ಹಾಡು ಬರೆದರು. ದೊಡ್ಡ ವಾದ್ಯವೃಂದಕ್ಕೆ ಕೊಡಲು ದುಡ್ಡಿರಲಿಲ್ಲ. ಹಾಗಾದರೆ ಗಂಡ ಹೆಂಡತಿ ಇಬ್ಬರೂ ಮನೆಯ ಪಿಯಾನೊ ಮುಂದೆ ಕೂತು ತಾವೇ ಹಾಡಲಿ ಅಂತ ತೀರ್ಮಾನವಾಯಿತು. ಕ್ಯಾರಲ್ ಓಕಾನರ್ ಮತ್ತು ಜೀನ್ ಸ್ಟೇಪಲ್‌ಟನ್ ಆರ್ಚಿ, ಈಡಿತ್ ಆಗಿಯೇ ಹಾಡಿದರು. ಈಡಿತ್ ದನಿ ತಾರಕಕ್ಕೆ ಹೋಗಿ ಕೀರಲಾಗುತ್ತದೆ. ಹಳೆಯ ಕಾಲವೇ ಚೆನ್ನಾಗಿತ್ತು ಅನ್ನುವ ಹಾಡು, ಹಾಡುವವರು ಹಾಗೆಯೇ ನಂಬಿದ ದಂಪತಿ. ಒಂದು ನಿಮಿಷದಲ್ಲಿ ಆ ಮನೆ, ಆ ಗಂಡ, ಆ ಹೆಂಡತಿ ಎಲ್ಲ ತಿಳಿದುಹೋಗುತ್ತದೆ. ಕೊನೆಗೆ ಬರುವ ಹಳೆಯ ಲಾಸಾಲ್ ಕಾರಿನ ಸಾಲು ಜನರಿಗೆ ಅರ್ಥವೇ ಆಗುತ್ತಿರಲಿಲ್ಲವಂತೆ. ಆಮೇಲೆ ಮತ್ತೆ ರೆಕಾರ್ಡ್ ಮಾಡಿದಾಗ ಇಬ್ಬರೂ ಆ ಸಾಲನ್ನು ಬಿಡಿಸಿ ಬಿಡಿಸಿ ಹಾಡಿದರು.

ಸನಿವೇಲ್ ಕನ್ನಡತಿ

ನನ್ನ ಓಟು 'ಚಿಯರ್ಸ್'ಗೆ. ಬಾಸ್ಟನ್‌ನ ಒಂದು ಬಾರ್‌ನಲ್ಲಿ ನಡೆಯುವ ಶೋ, 1982ರಿಂದ 1993ರವರೆಗೆ ಬಂತು. ನಾನು ನೋಡಿದ್ದು ಎಷ್ಟೋ ವರ್ಷದ ನಂತರ, ಇಲ್ಲಿ ಅಮೆರಿಕಕ್ಕೆ ಬಂದ ಹೊಸದರಲ್ಲಿ, ಮರುಪ್ರಸಾರದಲ್ಲಿ.

ಹಾಡಿನ ತಿರುಳು ಇಷ್ಟು: ದಿನದ ಚಿಂತೆ ಬಿಟ್ಟು, ಎಲ್ಲರಿಗೂ ನಿಮ್ಮ ಹೆಸರು ಗೊತ್ತಿರುವ ಜಾಗಕ್ಕೆ ಹೋಗಬೇಕು ಅನ್ನಿಸುವುದಿಲ್ಲವೇ? ಬಾರ್ ಬಗ್ಗೆ ಆಗಲಿ, ಕುಡಿತದ ಬಗ್ಗೆ ಆಗಲಿ ಟಿವಿಯಲ್ಲಿ ಬರುವ ಭಾಗದಲ್ಲಿ ಒಂದು ಮಾತೂ ಇಲ್ಲ. ನನ್ನ ಹೆಸರನ್ನು ಸರಿಯಾಗಿ ಉಚ್ಚರಿಸುವವರೇ ಇಲ್ಲದ ಊರಿನಲ್ಲಿ ಆಗ ನಾನಿದ್ದೆ. ಅಂಗಡಿಯಲ್ಲಿ, ಆಫೀಸಿನಲ್ಲಿ ಪ್ರತಿ ಸಲ ಅಕ್ಷರ ಅಕ್ಷರ ಬಿಡಿಸಿ ಹೇಳಬೇಕಿತ್ತು. ಆ ಹಾಡು ನನ್ನ ಮನಸ್ಸಿಗೆ ಎಷ್ಟು ಹತ್ತಿರವಾಯಿತು ಅಂತ ನೀವೇ ಯೋಚಿಸಿ. ಶನಿವಾರ ಕನ್ನಡ ಕೂಟಕ್ಕೆ ಹೋದರೆ ಯಾರೋ ಒಬ್ಬರು ಬಾಗಿಲಲ್ಲೇ 'ಏನ್ರೀ, ಬಂದ್ರಾ' ಅಂತ ಹೆಸರು ಹಿಡಿದು ಕರೆಯುವರು. ಅದೇ ಸುಖ ಆ ಹಾಡಿನಲ್ಲಿದೆ.

ಅದನ್ನು ಬರೆದವರು ಗ್ಯಾರಿ ಪೋರ್ಟ್‌ನಾಯ್ ಮತ್ತು ಜೂಡಿ ಹಾರ್ಟ್ ಆ್ಯಂಜೆಲೊ. ಮೊದಲು ನಿರ್ಮಾಪಕರಿಗೆ ಹಿಡಿಸಿದ್ದು ಈ ಇಬ್ಬರೂ ಒಂದು ನಾಟಕಕ್ಕೆ ಬರೆದಿದ್ದ ಬೇರೆ ಹಾಡು. ಅದರ ಹಕ್ಕು ಸಿಗಲಿಲ್ಲ. ಮತ್ತೆ ಬರೆದರು, ಒಪ್ಪಿಗೆಯಾಗಲಿಲ್ಲ, ಮತ್ತೆ ಬರೆದರು. ಕೊನೆಗೆ ಇದು ಬಂತು. ಪಲ್ಲವಿಯಲ್ಲಿ ಗುಂಪು ಹಾಡಿದ ಹಾಗೆ ಕೇಳುತ್ತದಲ್ಲ, ಅದೆಲ್ಲ ಪೋರ್ಟ್‌ನಾಯ್ ಒಬ್ಬರದೇ ದನಿ. ಪದರ ಪದರವಾಗಿ ರೆಕಾರ್ಡ್ ಮಾಡಿ ಒಂದರ ಮೇಲೊಂದು ಇಟ್ಟಿದ್ದಾರೆ. ಹಾಡಿನ ಜೊತೆ ತೆರೆಯ ಮೇಲೆ ಹಳೇ ಕಾಲದ ಬಾರ್‌ಗಳ ಫೋಟೊ, ಚಿತ್ರಗಳು ಬರುತ್ತವೆ. ಆ ಶೋನ ನಟರ ಮುಖ ಒಂದೂ ಇಲ್ಲ. 'ಇಂಥ ಜಾಗ ಯಾವಾಗಲೂ ಇತ್ತು' ಅಂತ ಹೇಳಿದ ಹಾಗೆ ಇರುತ್ತದೆ.

ನೈಟ್ ಶಿಫ್ಟ್ ಅವರೇ, ಇದನ್ನು ಮಾತ್ರ ಸ್ಕಿಪ್ ಮಾಡಬೇಡಿ.

ಧಾರವಾಡ ಪೇಢಾ

ಎಲ್ಲಾರೂ ಇಷ್ಟು ಹೊತ್ತು ಮಾತಾಡಿದರೂ 'ಫ್ರೆಂಡ್ಸ್' ಹೆಸರು ಯಾರೂ ಎತ್ತಲಿಲ್ಲವಲ್ಲ! ನಮ್ಮ ಹಾಸ್ಟೆಲ್‌ನಲ್ಲಿ ಆ ಹಾಡು ಬಂದರೆ ಸಾಕು, ಟಿವಿ ರೂಮಿನಲ್ಲಿ ಇದ್ದವರೆಲ್ಲ ಒಟ್ಟಿಗೆ ಚಪ್ಪಾಳೆ ಹೊಡೆಯುತ್ತಿದ್ದೆವು. ಒಬ್ಬರು ಮೂರು ಹೊಡೆದರೆ ಇನ್ನೊಬ್ಬರು ಐದು. ಇದರ ಮೇಲೆ ದೊಡ್ಡ ಜಗಳವೇ ಆಗಿತ್ತು. ಸ್ವರಸಂಗಾತಿ ಅಕ್ಕಾ, ನೀವೇ ತೀರ್ಪು ಕೊಡಿ. ಎಷ್ಟು?

ಸ್ವರಸಂಗಾತಿ

ನಾಲ್ಕು. ಮೊದಲ ಸಾಲು ಮುಗಿದು ಉಸಿರು ಬಿಡುವ ಜಾಗದಲ್ಲಿ ಬೀಳುತ್ತವೆ. ನಾಲ್ಕೂ ಬೇಗ ಬೇಗ, ಒಂದರ ಹಿಂದೆ ಒಂದು. ಹಾಡಿನ ನಡೆಗಿಂತ ಅವು ಚುರುಕು, ಅದಕ್ಕೇ ಎಣಿಕೆ ತಪ್ಪುತ್ತದೆ. ಗಾಯಕರು ಮುಂದಿನ ಸಾಲು ಎತ್ತುವ ಮೊದಲಿನ ಖಾಲಿ ಜಾಗವನ್ನು ಚಪ್ಪಾಳೆ ತುಂಬಿಸುತ್ತದೆ. ನೋಡುವವರಿಗೂ ಹಾಡಿನಲ್ಲಿ ಒಂದು ಪಾಲು ಕೊಟ್ಟ ಹಾಗೆ. ನಿಮ್ಮ ಹಾಸ್ಟೆಲ್‌ನವರು ಮಾಡಿದ್ದು ಅದನ್ನೇ.

ಆ ಹಾಡಿನ ಕಥೆಯೂ ಚೆನ್ನಾಗಿದೆ. 1994ರಲ್ಲಿ ಶೋಗೆ ಬೇಕಾಗಿದ್ದದ್ದು ಒಂದು ನಿಮಿಷಕ್ಕೂ ಕಡಿಮೆ ಉದ್ದದ ಹಾಡು. ಸಂಗೀತ ಮೈಕಲ್ ಸ್ಕ್ಲಾಫ್, ಸಾಹಿತ್ಯದಲ್ಲಿ ಆ್ಯಲಿ ವಿಲಿಸ್ ಕೈ ಇದೆ, ಹಾಡಿದ್ದು ದ ರೆಂಬ್ರಾಂಟ್ಸ್ ಅನ್ನುವ ಇಬ್ಬರ ಬ್ಯಾಂಡ್. ಅವರು ಪೂರ್ತಿ ಹಾಡು ಮಾಡಿರಲೇ ಇಲ್ಲ. ಆದರೆ ನ್ಯಾಶ್‌ವಿಲ್‌ನ ಒಂದು ರೇಡಿಯೊದವರು ಟಿವಿಯಲ್ಲಿ ಬಂದ ತುಣುಕನ್ನೇ ಸುತ್ತಿ ಸುತ್ತಿ ಜೋಡಿಸಿ ಉದ್ದ ಮಾಡಿ ಹಾಕಿದರು. ಕೇಳುಗರು ಮತ್ತೆ ಮತ್ತೆ ಕೇಳಲು ಶುರು ಮಾಡಿದರು. ಆಮೇಲೆ ಬ್ಯಾಂಡ್‌ನವರು ಸ್ಟುಡಿಯೊಗೆ ಹೋಗಿ ಇನ್ನೊಂದು ಚರಣ ಸೇರಿಸಿ ಪೂರ್ತಿ ಹಾಡು ಮಾಡಬೇಕಾಯಿತು. 1995ರ ಅವರ ಆಲ್ಬಮ್‌ಗೆ ಅದು ಕೊನೆ ಗಳಿಗೆಯಲ್ಲಿ ಸೇರಿತು.

ಒಂದು ಸಂಗತಿ ಗಮನಿಸಿ. ಚರಣದ ಸಾಹಿತ್ಯ ಪೂರ್ತಿ ಕಷ್ಟದ್ದು. ಕೆಲಸ ಸರಿಯಿಲ್ಲ, ಕೈಯಲ್ಲಿ ಕಾಸಿಲ್ಲ, ಪ್ರೀತಿ ಕೈಕೊಟ್ಟಿದೆ. ಸಂಗೀತ ಮಾತ್ರ ಕುಣಿಯುತ್ತದೆ. ಆ ಶೋ ಇದ್ದದ್ದೂ ಹಾಗೆಯೇ ಅಲ್ವಾ?

ಮಲೆನಾಡಿಗ

ಸಾರ್, ಇಲ್ಲಿ ಬಂದ ಹೆಸರುಗಳಲ್ಲಿ ಅರ್ಧ ನಾನು ನೋಡಿಲ್ಲ. ನಮ್ಮ ಕಡೆ ಇಂಗ್ಲಿಷ್ ಕಾಮಿಡಿ ಅಂದರೆ 'ಮಿಸ್ಟರ್ ಬೀನ್' ಒಂದೇ. ಅದರಲ್ಲಿ ಮಾತೇ ಇಲ್ಲ, ಹಾಗಾಗಿ ನಮ್ಮಜ್ಜಿಯೂ ನೋಡಿ ನಗುತ್ತಿದ್ದರು. ಕತ್ತಲ ರಸ್ತೆ, ಮೇಲಿಂದ ಒಂದು ಬೆಳಕಿನ ಕಂಬ, ಧೊಪ್ಪಂತ ಬೀನ್ ಬೀಳುತ್ತಾನೆ. ಹಿಂದೆ ಚರ್ಚಿನಲ್ಲಿ ಹಾಡುವ ಹಾಗೆ ಗಂಭೀರವಾಗಿ ಒಂದು ಗುಂಪು ಹಾಡುತ್ತದೆ. ಅಜ್ಜಿ ಅದನ್ನು ಕೇಳಿ 'ಇವರ ದೇವರ ನಾಮ ಇರಬೇಕು' ಅನ್ನುತ್ತಿದ್ದರು, ಹಾಡು ಮುಗಿಯುವವರೆಗೆ ನಮಗೆ ನಗಲು ಬಿಡುತ್ತಿರಲಿಲ್ಲ. ಅದು ನಿಜವಾಗಿ ದೇವರ ಹಾಡಾ? ಯಾರಿಗಾದರೂ ಗೊತ್ತಾ?

ಕೇಳುಗ

ಮಲೆನಾಡಿಗರೇ, ನಿಮ್ಮಜ್ಜಿಯ ಕಿವಿ ಸರಿಯಾಗಿಯೇ ಹಿಡಿದಿದೆ. ಧಾಟಿ ಚರ್ಚಿನದೇ. ಲಂಡನ್ನಿನ ಸದರ್ಕ್ ಕೆಥೆಡ್ರಲ್‌ನ ಗಾಯಕವೃಂದ ಹಾಡಿದ್ದು. ಸಂಗೀತ ಹೊವರ್ಡ್ ಗುಡಾಲ್. ಸಾಹಿತ್ಯ ಲ್ಯಾಟಿನ್, ಆದರೆ ದೇವರದ್ದಲ್ಲ. 'ಇಗೋ ನೋಡಿ, ಹುರುಳಿಕಾಯಿಯಾದ ಮನುಷ್ಯ' ಅನ್ನುವ ಅರ್ಥ ಬರುತ್ತದೆ. ಕೊನೆಯಲ್ಲಿ ಅದೇ ಮನುಷ್ಯನಿಗೆ ಲ್ಯಾಟಿನ್ನಿನಲ್ಲೇ ವಿದಾಯ ಹೇಳುತ್ತಾರೆ. ಹಾಡುವವರು ಒಂದು ಕ್ಷಣವೂ ನಗುವುದಿಲ್ಲ, ತಮಾಷೆಗೆ ಅಂತ ದನಿ ಬದಲಿಸುವುದಿಲ್ಲ. ಪೂರ್ತಿ ಭಕ್ತಿಯಿಂದ ಹಾಡುತ್ತಾರೆ. ಅದರಿಂದಲೇ ಬೀಳುವವನನ್ನು ನೋಡಿ ನಗು ಉಕ್ಕುತ್ತದೆ.

ಬ್ರಿಟನ್ನಿನವರು ಈ ವಿಷಯದಲ್ಲಿ ಬಹಳ ಜಾಣರು. ಬಿಬಿಸಿಯ ರಾನಿ ಹೇಜಲ್‌ಹರ್ಸ್ಟ್ ಅಂತ ಒಬ್ಬರು ಇದ್ದರು. ನನ್ನ ಮಟ್ಟಿಗೆ ಈ ಕಸುಬಿನಲ್ಲಿ ಅವರನ್ನು ಮೀರಿಸಿದವರಿಲ್ಲ. 1973ರ 'ಸಮ್ ಮದರ್ಸ್ ಡೂ ಆ್ಯವ್ ಎಮ್' ಶೋಗೆ ಅವರು ಮಾಡಿದ ಸಂಗೀತದಲ್ಲಿ ಪಿಕೊಲೊ ಕೊಳಲು ಗಿಡ್ಡ ಸ್ವರ, ಉದ್ದ ಸ್ವರ ಅಂತ ತೊದಲುತ್ತಾ ಹೋಗುತ್ತದೆ. ಅದು ಸುಮ್ನೆ ತೊದಲಲ್ಲ. ಹಳೇ ತಂತಿ ಕಚೇರಿಯ ಮೋರ್ಸ್ ಸಂಕೇತದಲ್ಲಿ ಶೋನ ಹೆಸರನ್ನೇ ಅಕ್ಷರ ಅಕ್ಷರವಾಗಿ ನುಡಿಸಿದ್ದಾರೆ! ಶುರುವಿನ ಮೂರು ಗಿಡ್ಡ ಸ್ವರ 'ಎಸ್', ಆಮೇಲೆ ಮೂರು ಉದ್ದ 'ಓ', ಆಮೇಲೆ ಎರಡು ಉದ್ದ 'ಎಂ'. ಗೊತ್ತಿಲ್ಲದವರಿಗೆ ಅದು ಮುಟ್ಟಿದ್ದೆಲ್ಲ ಮುರಿಯುವ ಆ ಪೆದ್ದ ಹೀರೋನ ನಡಿಗೆಯಂತೆ ಕೇಳುತ್ತದೆ. ಎರಡೂ ರೀತಿಯಲ್ಲಿ ಸರಿಯಾಗಿ ಕೂರುತ್ತದೆ.

1980ರ 'ಯೆಸ್ ಮಿನಿಸ್ಟರ್'ಗೂ ಅವರೇ. ಪಾರ್ಲಿಮೆಂಟಿನ ಗಡಿಯಾರ ಗೋಪುರದಿಂದ ಬರುವ ಗಂಟೆಯ ಸ್ವರಗಳನ್ನೇ ತೆಗೆದುಕೊಂಡು ಹೆಣೆದಿದ್ದಾರೆ. ನಮ್ಮಲ್ಲಿ ಅದೇ ಶೋ ಹಿಂದಿಯಲ್ಲಿ 'ಜೀ ಮಂತ್ರೀಜಿ' ಆಗಿ ಬಂತು, ಫಾರೂಕ್ ಶೇಖ್ ಮಂತ್ರಿ.

'ಓನ್ಲಿ ಫೂಲ್ಸ್ ಆ್ಯಂಡ್ ಹಾರ್ಸಸ್' ಕಥೆ ಉಲ್ಟಾ. ಮೊದಲ ಸರಣಿಗೆ ಹೇಜಲ್‌ಹರ್ಸ್ಟ್ ಸಂಗೀತವೇ ಇತ್ತು. ಶೋ ಬರೆದ ಜಾನ್ ಸಲಿವನ್‌ಗೆ ಹೆಸರಿನ ಅರ್ಥ ಬಿಡಿಸಿ ಹೇಳುವ ಹಾಡು ಬೇಕಿತ್ತು. ತಾವೇ ಬರೆದರು. ಅಂದುಕೊಂಡ ಗಾಯಕರು ಸಿಗಲಿಲ್ಲ, ಕೊನೆಗೆ ತಾವೇ ಹಾಡಿದರು. ಎರಡನೇ ಸರಣಿಯಿಂದ ಆ ಹಾಡೇ ನಿಂತಿತು. ಲಂಡನ್ ಬೀದಿ ವ್ಯಾಪಾರಿಯ ಧಾಟಿ ಅವರ ಗಂಟಲಲ್ಲೇ ಇತ್ತು. ಪಳಗಿದ ಗಾಯಕರಿಗೆ ಅದು ಬರುತ್ತಿತ್ತೇ?

ನೈಟ್ ಶಿಫ್ಟ್

ಆಂಟೆನಾ ಸಾರ್, ಕನ್ನಡತಿ ಅಕ್ಕ, ನಿಮ್ಮ ಮಾತಿಗೆ ಬೆಲೆ ಕೊಟ್ಟು 'ಚಿಯರ್ಸ್' ಹಾಡು ಪೂರ್ತಿ ಕೇಳಿದೆ. ಚೆನ್ನಾಗಿದೆ. ಆದರೂ ನನ್ನ ಮಾತು ನನ್ನದೇ: ಮೊದಲ ಸಲ ಕೇಳಬೇಕು, ಪ್ರತಿ ಸಲ ಬೇಡ.

ಒಂದಕ್ಕೆ ಮಾತ್ರ ನಾನು ಕೈ ಹಾಕುವುದಿಲ್ಲ. 'ದ ಬಿಗ್ ಬ್ಯಾಂಗ್ ಥಿಯರಿ'. ವಿಶ್ವ ಹುಟ್ಟಿದ್ದರಿಂದ ಹಿಡಿದು ಇವತ್ತಿನವರೆಗಿನ ಚರಿತ್ರೆಯನ್ನು ಅರ್ಧ ನಿಮಿಷದೊಳಗೆ ಹಾಡಿ ಮುಗಿಸುತ್ತಾರೆ. ಚಿತ್ರಗಳು ಎಷ್ಟು ವೇಗವಾಗಿ ಓಡುತ್ತವೆ ಅಂದರೆ ಪ್ರತಿ ಸಲ ನೋಡಿದಾಗ ಹೊಸದೊಂದು ಕಣ್ಣಿಗೆ ಬೀಳುತ್ತದೆ. ಹಾಡಿದ್ದು ಕೆನಡಾದ ಬೇರ್‌ನೇಕೆಡ್ ಲೇಡೀಸ್. ಅದರ ಗಾಯಕ ಎಡ್ ರಾಬರ್ಟ್‌ಸನ್ ಸೈಮನ್ ಸಿಂಗ್ ಅವರ 'ಬಿಗ್ ಬ್ಯಾಂಗ್' ಪುಸ್ತಕ ಓದಿದ್ದರು. ಆ ಗುಂಗಿನಲ್ಲಿ ಒಂದು ಕಾರ್ಯಕ್ರಮದ ವೇದಿಕೆಯಲ್ಲೇ ವಿಶ್ವದ ಹುಟ್ಟಿನ ಬಗ್ಗೆ ಆಶುವಾಗಿ ರ‍್ಯಾಪ್ ಕಟ್ಟಿ ಹಾಡಿದರು. ಶೋ ಮಾಡಿದ ಚಕ್ ಲೋರ್ ಮತ್ತು ಬಿಲ್ ಪ್ರೇಡಿ ಅವತ್ತು ಪ್ರೇಕ್ಷಕರಲ್ಲಿ ಕೂತಿದ್ದರು. ಆಮೇಲೆ ಅವರಿಂದಲೇ ಹಾಡು ಬರೆಸಿದರು. ವಿಜ್ಞಾನಿಗಳ ಶೋಗೆ ಹಾಡು ಬರೆಯುವವನು ವಿಜ್ಞಾನ ಓದಿ ಖುಷಿಪಟ್ಟವನೇ ಆಗಿದ್ದ. ಅದು ಹಾಡಿನಲ್ಲಿ ಗೊತ್ತಾಗುತ್ತದೆ.

ಧಾರವಾಡ ಪೇಢಾ

ನಮ್ಮ ಕನ್ನಡದ ಬಗ್ಗೆ ಒಂದು ಮಾತು. 'ಪಾಪ ಪಾಂಡು', 'ಸಿಲ್ಲಿ ಲಲ್ಲಿ' ಎರಡೂ ಈಟಿವಿ ಕನ್ನಡದಲ್ಲಿ ಬಂದವು. ಸಿಹಿಕಹಿ ಚಂದ್ರು, ವಿಜಯಪ್ರಸಾದ್ ಹೆಸರು ಎಲ್ಲರಿಗೂ ಗೊತ್ತು. ಪಾಂಡು ಆಗಿ ಚಿದಾನಂದ್, ಶ್ರೀಮತಿಯಾಗಿ ಶಾಲಿನಿ, ಡಾಕ್ಟರ್ ವಿಠಲ್ ರಾವ್ ಆಗಿ ರವಿಶಂಕರ್, ಲಲಿತಾಂಬ ಆಗಿ ಮಂಜುಭಾಷಿಣಿ, ಇವರನ್ನೂ ಮರೆತವರಿಲ್ಲ. ಆದರೆ ಟೈಟಲ್ ಹಾಡು ಕಟ್ಟಿದವರನ್ನು ಯಾರೂ ನೆನೆಯುವುದಿಲ್ಲ. ಸಂಜೆ ಅಡುಗೆಮನೆಯಿಂದ ಎಲ್ಲರನ್ನೂ ಹೊರಗೆ ತಂದವರು ಅವರೇ ತಾನೇ? ಕ್ರೆಡಿಟ್ ಸಾಲುಗಳು ಓಡಿಹೋಗುವ ವೇಗಕ್ಕೆ ಹೆಸರು ಓದಲೂ ಆಗುತ್ತಿರಲಿಲ್ಲ. ಸೈನ್‌ಫೆಲ್ಡ್ ಬೇಸ್ ಯಾವ ಕೀಬೋರ್ಡ್‌ನಲ್ಲಿ ನುಡಿಸಿದರು ಅಂತ ಜಗತ್ತಿಗೆ ಗೊತ್ತಿದೆ. ನಮ್ಮ ಹಾಡುಗಳ ಗಾಯಕರು, ವಾದ್ಯದವರು ಯಾರು ಅಂತ ಬರೆದಿಟ್ಟವರು ಬೇಕು. ಆ ಸ್ಟುಡಿಯೊಗಳಲ್ಲಿ ಕೆಲಸ ಮಾಡಿದ ಯಾರಾದರೂ ಇಲ್ಲಿದ್ದರೆ ದಯವಿಟ್ಟು ಬರೆಯಿರಿ. ಕೇಳಲು ಕಾಯುತ್ತಿದ್ದೇನೆ.

ಹಳೇ ಆಂಟೆನಾ

ಪೇಢಾ ಹೇಳಿದ್ದಕ್ಕೆ ನನ್ನ ಪೂರ್ತಿ ಬೆಂಬಲ. ಹೆಸರು ಉಳಿದರೆ ಏನಾಗುತ್ತದೆ ಅನ್ನುವುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ.

'ಆ್ಯಡಮ್ಸ್ ಫ್ಯಾಮಿಲಿ', 1964. ಹಾರ್ಪ್ಸಿಕಾರ್ಡ್ (ಪಿಯಾನೊದಂಥ ಹಳೇ ವಾದ್ಯ) ಮತ್ತು ಎರಡು ಚಿಟಿಕೆ. ವಿಕ್ ಮಿಜ್ಜಿ ಮಾಡಿದ್ದು. ಗಾಯಕರನ್ನು ಕರೆಸಲು ಸ್ಟುಡಿಯೊದವರು ದುಡ್ಡು ಬಿಚ್ಚಲಿಲ್ಲ, ಮಿಜ್ಜಿ ತಮ್ಮ ದನಿಯನ್ನೇ ಮೂರು ಸಲ ರೆಕಾರ್ಡ್ ಮಾಡಿ ಸೇರಿಸಿದರು. ಹಾಡಿನ ಹಕ್ಕನ್ನು ಮಾತ್ರ ತಮ್ಮ ಹತ್ತಿರವೇ ಇಟ್ಟುಕೊಂಡರು. ಆ ಎರಡು ಚಿಟಿಕೆಯಿಂದ ಶ್ರೀಮಂತರ ಬಡಾವಣೆಯಲ್ಲಿ ಮನೆ ಮಾಡಿದೆ ಅಂತ ಅವರೇ ಹೇಳಿಕೊಳ್ಳುತ್ತಿದ್ದರು.

ಇನ್ನೊಂದು 'ಮ್ಯಾಶ್'. 1970ರ ಸಿನಿಮಾಕ್ಕೆ ಜಾನಿ ಮ್ಯಾಂಡೆಲ್ ರಾಗ ಹಾಕಿದರು. ಸಾಹಿತ್ಯ ಬರೆದದ್ದು ನಿರ್ದೇಶಕ ರಾಬರ್ಟ್ ಆಲ್ಟ್‌ಮನ್‌ರ ಹದಿಹರೆಯದ ಮಗ ಮೈಕ್. 1972ರಲ್ಲಿ ಟಿವಿ ಶೋ ಆದಾಗ ಮಾತು ಬಿಟ್ಟು ರಾಗ ಮಾತ್ರ ಉಳಿಸಿಕೊಂಡರು. ಆದರೂ ಹಾಡಿನ ಪಾಲು ಮೈಕ್‌ಗೆ ಬರುತ್ತಲೇ ಇತ್ತು. ಸಿನಿಮಾ ನಿರ್ದೇಶಿಸಿದ ಅಪ್ಪನಿಗಿಂತ ಹಾಡು ಬರೆದ ಮಗನೇ ಎಷ್ಟೋ ಪಟ್ಟು ಜಾಸ್ತಿ ಗಳಿಸಿದ. ಮನೆಯ ಹುಡುಗ ಅಂತ ಹಕ್ಕು ಕಿತ್ತುಕೊಳ್ಳಲಿಲ್ಲ ನೋಡಿ.

ಆ ರಾಗದ ಬಗ್ಗೆಯೂ ಹೇಳಲೇಬೇಕು. ಕಾಮಿಡಿ ಶೋ, ಆದರೆ ಟೈಟಲ್‌ನಲ್ಲಿ ಗಾಯಾಳುಗಳನ್ನು ಹೊತ್ತು ಹೆಲಿಕಾಪ್ಟರ್ ಬರುತ್ತದೆ, ಡಾಕ್ಟರುಗಳು, ನರ್ಸ್‌ಗಳು ಓಡುತ್ತಾರೆ, ಹಿಂದೆ ಗಿಟಾರಿನ ಮೆಲ್ಲಗಿನ ನೋವಿನ ರಾಗ. ಕೊರಿಯಾ ಯುದ್ಧದ ಆಸ್ಪತ್ರೆ ಅದು. ನಗುವ ಜನ ಎಂಥ ಜಾಗದಲ್ಲಿ ನಿಂತು ನಗುತ್ತಿದ್ದಾರೆ ಅಂತ ಪ್ರತಿ ವಾರ ಮೊದಲೇ ನೆನಪಿಸುತ್ತಿತ್ತು. ನೈಟ್ ಶಿಫ್ಟ್ ತಮ್ಮಾ, ಅದನ್ನು ದಾಟಿಸಿ ನೋಡಿದರೆ ಮುಂದಿನ ಜೋಕಿನ ತೂಕವೇ ಬೇರೆ ಆಗುತ್ತದೆ. ಒಮ್ಮೆ ಎರಡೂ ರೀತಿ ನೋಡು.

ಸನಿವೇಲ್ ಕನ್ನಡತಿ

ಇನ್ನೊಂದು ಸೇರಿಸಲೇ? 'ಮೇರಿ ಟೈಲರ್ ಮೂರ್ ಶೋ', 1970. ಪ್ರೀತಿಯ ಸಂಬಂಧ ಮುರಿದುಬಿದ್ದ ಒಬ್ಬ ಹೆಣ್ಣುಮಗಳು ಒಬ್ಬಳೇ ಮಿನಿಯಾಪೊಲಿಸ್‌ಗೆ ಬಂದು ಟಿವಿ ಸುದ್ದಿ ಕೊಠಡಿಯಲ್ಲಿ ಕೆಲಸ ಹಿಡಿಯುತ್ತಾಳೆ. ಸನ್ನಿ ಕರ್ಟಿಸ್ ಬರೆದು ಹಾಡಿದ ಹಾಡು. ಮೊದಲ ಸೀಸನ್‌ನಲ್ಲಿ ಅದರ ಧಾಟಿ ಅನುಮಾನದ್ದು: ಒಬ್ಬಳೇ ಹೇಗೆ ನಿಭಾಯಿಸುತ್ತೀಯ, ಈ ಸಲ ನೀನು ಗೆದ್ದರೂ ಗೆಲ್ಲಬಹುದು ಅಂತ. ಎರಡನೇ ಸೀಸನ್‌ಗೆ ಸಾಹಿತ್ಯ ಬದಲಾಯಿತು. ಅನುಮಾನ ಹೋಗಿ, ನೀನು ಗೆದ್ದೇ ಗೆಲ್ಲುತ್ತೀಯ ಅನ್ನುವ ಧೈರ್ಯ ಬಂತು. ರಾಗ ಅದೇ. ಆ ನಡುವಿನ ಒಂದು ವರ್ಷದಲ್ಲಿ ಅವಳು ತಾನೇನು ಅಂತ ತೋರಿಸಿಕೊಟ್ಟಿದ್ದಳು, ಹಾಡು ಅದನ್ನು ಒಪ್ಪಿಕೊಂಡಿತು.

ಕೊನೆಗೆ ರಸ್ತೆಯ ಮಧ್ಯೆ ನಿಂತು ಟೋಪಿ ಮೇಲಕ್ಕೆ ಎಸೆಯುತ್ತಾಳಲ್ಲ, ಆ ಭಂಗಿಯ ಕಂಚಿನ ಪ್ರತಿಮೆ ಮಿನಿಯಾಪೊಲಿಸ್‌ನಲ್ಲಿ 2002ರಿಂದ ಇದೆ. ನನ್ನ ಮಗಳಿಗೆ ಎರಡೂ ಸೀಸನ್‌ನ ಹಾಡು ಕೇಳಿಸಿದೆ. ಮೊದಲನೆಯದು ಕೇಳಿ ಅವಳಿಗೆ ಸಿಟ್ಟೇ ಬಂತು: 'ಯಾಕಮ್ಮಾ, ಅವಳು ಒಬ್ಬಳೇ ಇದ್ದರೆ ಇವರಿಗೇನು ಚಿಂತೆ?'

ಮಲೆನಾಡಿಗ

ಕೇಳುಗರೇ, ಆ ಮೋರ್ಸ್ ಹಾಡನ್ನು ಹುಡುಕಿ ಕೇಳಿದೆ. ನಮ್ಮಪ್ಪ ಅಂಚೆ ಇಲಾಖೆಯಲ್ಲಿ ತಂತಿ ಕೆಲಸದಲ್ಲಿದ್ದವರು. ಹೆಸರು ಹೇಳದೆ ಅವರಿಗೆ ಕೇಳಿಸಿದೆ. ಮೊದಲ ಸಲ ಸುಮ್ಮನಿದ್ದರು. ಎರಡನೇ ಸಲ ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳು ತಟ್ಟಲು ಶುರು ಮಾಡಿದರು. 'ಎಸ್, ಓ, ಎಂ, ಇ… ಯಾರೋ ಕಳಿಸ್ತಾ ಇದ್ದಾರಲ್ಲೋ, ತಡಿ' ಅಂತ ಪೆನ್ನು ಕೇಳಿದರು. ಇನ್ನೂ ಬರೆಯುತ್ತಾ ಕೂತಿದ್ದಾರೆ. ಇಂಥದ್ದು ಬೇರೆ ಯಾವುದಾದರೂ ಇದ್ದರೆ ಹೇಳಿ, ಅವರಿಗೆ ಕೇಳಿಸಬೇಕು.